ಸ್ಪೀಚ್ ಪೆಥಾಲಜಿ ಸ್ನಾತಕೋತ್ತರಕ್ಕೆ ಹೊರಟಿದ್ದೀರಾ? ಮೊದಲು ಕಿವಿ, ಆಮೇಲೆ ಪುಸ್ತಕ

ಮಾತು, ಭಾಷೆಯ ತೊಂದರೆಗಳನ್ನು ಗುರುತಿಸಿ ಚಿಕಿತ್ಸೆ ಕೊಡುವ ವಿದ್ಯೆ ಸ್ಪೀಚ್ ಪೆಥಾಲಜಿ. ಅದರಲ್ಲಿ ನನ್ನ ಮೊದಲ ಕ್ಲಿನಿಕ್ ವಾರ. ನಾಲ್ಕು ವರ್ಷದ ಹುಡುಗನೊಬ್ಬ ಚಿತ್ರ ನೋಡಿ ಏನೋ ಹೇಳಿದ. ನಾನು ಹಾಳೆಯಲ್ಲಿ ‘ಕಾಗೆ ಆಯಿತು’ ಎಂದು ಬರೆದುಕೊಂಡೆ. ಪಕ್ಕದಲ್ಲೇ ‘ಕ್ರಿಯಾಪದ ತಪ್ಪು, ಭಾಷೆಯ ತೊಂದರೆ ಇರಬಹುದು’ ಎಂಬ ಷರಾ ಬೇರೆ. ಸೆಷನ್ ಮುಗಿದ ಮೇಲೆ ಸೂಪರ್‌ವೈಸರ್ ರೆಕಾರ್ಡಿಂಗ್ ಹಾಕಿ, “ಇನ್ನೊಂದ್ಸಲ ಕೇಳಿ” ಅಂದರು. ಮೂರನೇ ಸಲಕ್ಕೆ ಕೇಳಿಸಿತು. ಹುಡುಗ ಹೇಳಿದ್ದು ‘ತಾದೆ ಆಯಿತು’. ಚಿತ್ರದಲ್ಲಿ ಇದ್ದದ್ದು ಹಾರುತ್ತಿರುವ ಕಾಗೆ. ‘ಕಾಗೆ ಹಾರಿತು’ ಅನ್ನುವುದನ್ನೇ ಅವನು ಹೇಳಿದ್ದ. ಕ ಹೋಗಿ ತ ಬಂದಿತ್ತು, ಗ ಹೋಗಿ ದ. ಹ ಬಿದ್ದುಹೋಗಿತ್ತು, ರ ಯ ಆಗಿತ್ತು. ವ್ಯಾಕರಣದಲ್ಲಿ ಒಂದೇ ಒಂದು ತಪ್ಪಿರಲಿಲ್ಲ.

ಮೊದಲ ಪದವನ್ನು ನನ್ನ ಕಿವಿ ನನಗೆ ಹೇಳದೇ ಕೇಳದೇ ತಿದ್ದಿಬಿಟ್ಟಿತ್ತು. ಎರಡನೆಯದನ್ನು ಬೇರೆ ಪದ ಎಂದುಕೊಂಡಿತ್ತು. ಕೋರ್ಸು ಶುರುವಾಗುವ ಮೊದಲಿನ ರಜೆಯಲ್ಲಿ ಮೂರು ದಪ್ಪ ಪುಸ್ತಕ ಓದಿ ಮುಗಿಸಿದ್ದೆ ನಾನು. ಅದರಲ್ಲಿ ಒಂದೂ ಆ ಹೊತ್ತಿಗೆ ನೆರವಿಗೆ ಬರಲಿಲ್ಲ. ಈಗ ಹೊಸ ವಿದ್ಯಾರ್ಥಿಗಳನ್ನು ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೂ ಬಂದಿದೆ. ಸೀಟು ಸಿಕ್ಕವರು ಬಂದು “ಈಗಿನಿಂದಲೇ ಯಾವ ಪುಸ್ತಕ ಓದಲಿ?” ಎಂದು ಕೇಳಿದಾಗಲೆಲ್ಲ ಆ ಕಾಗೆ ನೆನಪಾಗುತ್ತದೆ. ಓದುವುದು ಹೇಗೂ ಇದ್ದೇ ಇದೆ, ಓದಿಸುವವರೂ ಇರುತ್ತಾರೆ. ಕೋರ್ಸು ಶುರುವಾದ ಮೇಲೆ ಪುರುಸೊತ್ತು ಸಿಗದ ಕೆಲಸಗಳು ಬೇರೆ ಇವೆ. ಕೈಯಲ್ಲಿ ಎರಡು ಮೂರು ತಿಂಗಳಿದ್ದರೆ ಅವನ್ನು ಹೇಗೆ ಮುಗಿಸಿಕೊಳ್ಳಬಹುದು ಎಂದು ನೋಡೋಣ.

ಒಂದನೇ ಹೆಜ್ಜೆ: ಕಾಗದಪತ್ರ

ಬೇಸರದ ಕೆಲಸ, ಅದಕ್ಕೇ ಮೊದಲು ಮುಗಿಸಿಬಿಡಿ. ಸೀಟಿನ ಪತ್ರವನ್ನು ಕೊನೆಯ ಸಾಲಿನವರೆಗೂ ಓದಿ. ಪದವಿಯಲ್ಲಿ ಬೇರೆ ವಿಷಯ ಓದಿ ಬಂದವರಿಗೆ ‘ಇಂತಿಂಥ ಕೋರ್ಸ್ ಮೊದಲು ಮುಗಿಸಿರಬೇಕು’ ಎಂಬ ಷರತ್ತು ಅಲ್ಲೆಲ್ಲೋ ಸಣ್ಣ ಅಕ್ಷರದಲ್ಲಿ ಇರುತ್ತದೆ. ಮುಂದೆ ಯಾವ ದೇಶದಲ್ಲಿ ಕೆಲಸ ಮಾಡುವ ಇರಾದೆಯಿದೆಯೋ ಅಲ್ಲಿನ ನೋಂದಣಿ ನಿಯಮವನ್ನೂ ಈಗಲೇ ಓದಿಕೊಳ್ಳಿ. ಅಮೆರಿಕದ ಉದಾಹರಣೆ ತೆಗೆದುಕೊಂಡರೆ, 1925ರಲ್ಲಿ ಹುಟ್ಟಿದ ಆಶಾ (ಅಮೆರಿಕನ್ ಸ್ಪೀಚ್-ಲ್ಯಾಂಗ್ವೇಜ್-ಹಿಯರಿಂಗ್ ಅಸೋಸಿಯೇಷನ್) ಸಂಸ್ಥೆಯ ಪ್ರಮಾಣಪತ್ರಕ್ಕೆ ಜೀವವಿಜ್ಞಾನ, ಭೌತ ಅಥವಾ ರಸಾಯನ ವಿಜ್ಞಾನ, ಸಂಖ್ಯಾಶಾಸ್ತ್ರ, ಸಮಾಜ ಅಥವಾ ವರ್ತನೆಯ ವಿಜ್ಞಾನ ಇವುಗಳ ಓದು ಆಗಿರಬೇಕು. ಜೊತೆಗೆ 400 ಗಂಟೆಯ ಕ್ಲಿನಿಕ್ ಅನುಭವ. ಅದರಲ್ಲಿ 25 ಗಂಟೆ ನೋಡಿ ಕಲಿಯುವುದಕ್ಕೆ, ಮಿಕ್ಕ 375 ಗಂಟೆ ಕ್ಲೈಂಟ್ ಜೊತೆ ನೇರವಾಗಿ ಕೆಲಸ ಮಾಡುವುದಕ್ಕೆ. ಬೇರೆ ದೇಶದಲ್ಲಿ ಲೆಕ್ಕ ಬೇರೆ. ಗಂಟೆಗಳಿಗೆ ಸಹಿ ಯಾರದು, ಯಾವ ನಮೂನೆಯಲ್ಲಿ ಬರೆದಿಡಬೇಕು ಎಂದು ತಿಳಿಯದೆ ಶುರು ಮಾಡಿದವರು ಕೊನೆಯ ಸೆಮಿಸ್ಟರಿನಲ್ಲಿ ಹಳೆಯ ಸೂಪರ್‌ವೈಸರುಗಳನ್ನು ಹುಡುಕಿಕೊಂಡು ಅಲೆದಾಡಿದ್ದನ್ನು ನೋಡಿದ್ದೇನೆ.

ಆಸ್ಪತ್ರೆ ಪೋಸ್ಟಿಂಗ್ ಇದ್ದರೆ ಲಸಿಕೆಯ ದಾಖಲೆ ಕೇಳುತ್ತಾರೆ. ಹೆಪಟೈಟಿಸ್ ಬಿ ಲಸಿಕೆ ಸಾಮಾನ್ಯ ಕ್ರಮದಲ್ಲಿ ಮೂರು ಡೋಸ್, ಮುಗಿಯಲು ಆರು ತಿಂಗಳು. ಹಿಂದಿನ ವಾರ ಓಡಿದರೆ ಆಗುವ ಕೆಲಸ ಇದಲ್ಲ. ಸಿಪಿಆರ್ ತರಬೇತಿ, ಪೊಲೀಸ್ ವೆರಿಫಿಕೇಷನ್ ಬೇಕೇ ಎಂದೂ ಇದೇ ಸುತ್ತಿನಲ್ಲಿ ವಿಚಾರಿಸಿಬಿಡಿ.

ಎರಡನೇ ಹೆಜ್ಜೆ: ಕಿವಿಯನ್ನು ಪಳಗಿಸುವುದು

ಕೈಯಲ್ಲಿರುವ ಸಮಯದಲ್ಲಿ ಅರ್ಧ ಪಾಲು ಇದಕ್ಕೇ ಕೊಡಿ ಎನ್ನುತ್ತೇನೆ ನಾನು.

ಕನ್ನಡ ಓದಿ ಬೆಳೆದವರಿಗೆ ಇಲ್ಲೊಂದು ಪುಕ್ಕಟೆ ಲಾಭವಿದೆ. ಫೋನೆಟಿಕ್ಸ್ (ಧ್ವನಿವಿಜ್ಞಾನ) ಪುಸ್ತಕ ತಿಂಗಳುಗಟ್ಟಲೆ ಕಲಿಸುವುದನ್ನು ನಾವು ವರ್ಣಮಾಲೆಯ ಹೆಸರಿನಲ್ಲಿ ಆಗಲೇ ಬಾಯಿಪಾಠ ಮಾಡಿದ್ದೇವೆ. ಕ, ಚ, ಟ, ತ, ಪ ಎಂದು ನಿಧಾನವಾಗಿ ಹೇಳಿ ನೋಡಿ. ಗಂಟಲ ಕಡೆಯಿಂದ ತುಟಿಯವರೆಗೆ ಬಾಯೊಳಗೆ ಒಂದು ಪ್ರವಾಸ ಆಗುತ್ತದೆ. ಇನ್ನು ಒಂದೇ ಸಾಲಿನಲ್ಲಿ ಕ, ಖ, ಗ, ಘ, ಙ ಎಂದರೆ ನಾಲಿಗೆ ಅದೇ ಜಾಗದಲ್ಲಿದ್ದು ಉಸಿರು, ಸ್ವರತಂತುವಿನ ಕಂಪನ, ಮೂಗಿನ ದಾರಿ ಇವಷ್ಟೇ ಬದಲಾಗುತ್ತವೆ. ಆ ಹುಡುಗನ ಮಾತನ್ನು ಈ ಪಟ್ಟಿಯ ಮೇಲೆ ಇಟ್ಟು ನೋಡಿ. ಕ ತ ಆಗಿದೆ, ಗ ದ ಆಗಿದೆ. ಅಂದರೆ ನಾಲಿಗೆಯ ಜಾಗ ಮಾತ್ರ ಮುಂದಕ್ಕೆ ಬಂದಿದೆ. ಕಂಪನ ಇಲ್ಲದ ಕಡೆ ಇಲ್ಲ, ಇರುವ ಕಡೆ ಇದೆ. ಎರಡು ತಪ್ಪು ಎಂದು ಕಂಡದ್ದು ನಿಜಕ್ಕೂ ಒಂದೇ ಅಭ್ಯಾಸ. ತೀರ ಚಿಕ್ಕ ಮಕ್ಕಳಲ್ಲಿ ಇದು ಸಹಜ. ನಾಲ್ಕಾದರೂ ಬಿಡದೆ ಉಳಿದರೆ ಗಮನ ಕೊಡಬೇಕು.

ಆದರೆ ಇದೇ ಲಿಪಿ ನಮಗೆ ಮೋಸವನ್ನೂ ಮಾಡುತ್ತದೆ. ‘ಕನ್ನಡ ಹೇಗೆ ಬರೆಯುತ್ತೇವೋ ಹಾಗೇ ಓದುತ್ತೇವೆ’ ಎಂದು ಹೇಳಿಕೊಂಡು ಬಂದವರು ನಾವು. ಬರೆಯುವುದು ‘ಹೇಳುತ್ತೇನೆ’, ಬಾಯಲ್ಲಿ ಬರುವುದು ‘ಹೇಳ್ತೀನಿ’. ಶ, ಷ ಎರಡನ್ನೂ ಬರೆಯುವಾಗ ಬೇರೆ ಮಾಡುತ್ತೇವೆ, ಮಾತಿನಲ್ಲಿ ಬಹಳಷ್ಟು ಜನಕ್ಕೆ ಎರಡೂ ಒಂದೇ. ನಾಲಿಗೆಯನ್ನು ಹಲ್ಲಿನ ನಡುವೆ ಚಾಚಿ ಮಗುವೊಂದು ‘ಸ’ ಹೇಳಿದರೆ ಅದನ್ನು ಬರೆಯಲು ನಮ್ಮಲ್ಲಿ ಅಕ್ಷರವೇ ಇಲ್ಲ. ಅದಕ್ಕೇ ಐಪಿಎ ಬೇಕು, ಅಂದರೆ ಅಂತಾರಾಷ್ಟ್ರೀಯ ಧ್ವನಿ ಲಿಪಿ. ಅದರ ಹಿಂದಿರುವ ಸಂಘ 1886ರಲ್ಲಿ ಪ್ಯಾರಿಸ್‌ನಲ್ಲಿ ಶುರುವಾದದ್ದು. ಅದರ ಪಟ್ಟಿ ಪುಕ್ಕಟೆ ಸಿಗುತ್ತದೆ. ಪ್ರಿಂಟ್ ತೆಗೆದು ಗೋಡೆಗೆ ಅಂಟಿಸುವುದರಿಂದ ಏನೂ ಆಗುವುದಿಲ್ಲ. ಕೈಯಲ್ಲಿ ಬರೆದು ಬರೆದು ರೂಢಿಯಾಗಬೇಕು. ಮೊದಲು ನಿಮ್ಮ ಭಾಷೆಯ ಧ್ವನಿಗಳು, ಆಮೇಲೆ ಕೋರ್ಸಿನ ಭಾಷೆಯವು.

ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಮೂವತ್ತು ಸೆಕೆಂಡಿನ ಸಹಜ ಮಾತು ಒಂದು ಬೇಕು. ಮನೆಯ ಮಗುವಿನದಾದರೆ ತಂದೆತಾಯಿಯ ಒಪ್ಪಿಗೆ ಪಡೆದೇ ರೆಕಾರ್ಡ್ ಮಾಡಿ. ಇಲ್ಲವಾದರೆ ಚೈಲ್ಡ್ಸ್ ಎಂಬ ಸಂಗ್ರಹ ಇದೆ. ಬ್ರಯನ್ ಮ್ಯಾಕ್‌ವಿನಿ, ಕ್ಯಾಥರೀನ್ ಸ್ನೋ 1984ರಲ್ಲಿ ಶುರು ಮಾಡಿದ್ದು. ಅನೇಕ ಭಾಷೆಗಳ ಮಕ್ಕಳ ಮಾತು ಅದರಲ್ಲಿದೆ. ಮೊದಲ ಸಲ ಬರೆಯದೆ ಕೇಳಿ. ಎರಡನೇ ಸಲ ಒಂದೊಂದು ಪದಕ್ಕೆ ನಿಲ್ಲಿಸಿ ಐಪಿಎಯಲ್ಲಿ ಬರೆಯಿರಿ. ಹಾಳೆ ಮಡಚಿಟ್ಟುಬಿಡಿ. ಎರಡು ದಿನ ಬಿಟ್ಟು ಅದೇ ತುಣುಕನ್ನು ಹೊಸ ಹಾಳೆಯಲ್ಲಿ ಬರೆದು ಎರಡನ್ನೂ ಪಕ್ಕಪಕ್ಕ ಇಟ್ಟು ಎಣಿಸಿ. 50 ಧ್ವನಿಗಳಲ್ಲಿ 42 ತಾಳೆಯಾದರೆ ನಿಮ್ಮ ಕಿವಿಗೂ ನಿಮ್ಮ ಕಿವಿಗೂ 84 ಶೇಕಡಾ ಒಪ್ಪಂದ. ತಾಳೆಯಾಗದ ಆ ಎಂಟೇ ನಿಮ್ಮ ಸಿಲಬಸ್. ನನ್ನ ವಿಷಯದಲ್ಲಿ ಅದು ಯಾವಾಗಲೂ ಸ್ವರಗಳ ಉದ್ದ ಮತ್ತು ಪದದ ಕೊನೆಯ ಅನುನಾಸಿಕ.

ಕಿವಿಗೆ ಅನುಮಾನ ಬಂದಾಗ ಕಣ್ಣಿನ ಸಾಕ್ಷಿ ಕೇಳಬಹುದು. ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಪಾಲ್ ಬೋರ್ಸ್ಮಾ ಮತ್ತು ಡೇವಿಡ್ ವೀನಿಂಕ್ ಮಾಡಿದ, ಧ್ವನಿಯನ್ನು ಚಿತ್ರವಾಗಿ ತೋರಿಸಿ ಅಳೆಯುವ ಪ್ರಾಟ್ ಎಂಬ ಸಾಫ್ಟ್‌ವೇರ್ ಉಚಿತ. ಡಚ್ ಭಾಷೆಯಲ್ಲಿ ಪ್ರಾಟ್ ಅಂದರೆ ಮಾತು. ನೋಡಲು ಚೂರೂ ಚೆಂದವಿಲ್ಲ, ಆದರೆ ಈ ವೃತ್ತಿಯಲ್ಲಿ ಅದಿಲ್ಲದೆ ನಡೆಯುವುದಿಲ್ಲ. ‘ಸ’, ‘ಶ’ ಎರಡನ್ನೂ ಎಳೆದು ಹೇಳಿ ರೆಕಾರ್ಡ್ ಮಾಡಿ; ಆ ಚಿತ್ರದಲ್ಲಿ ‘ಸ’ದ ಕಪ್ಪು ಪಟ್ಟಿ ಮೇಲೆ ನಿಲ್ಲುತ್ತದೆ, ‘ಶ’ದ್ದು ಕೆಳಗೆ ಇಳಿಯುತ್ತದೆ. ನಿಮ್ಮದೇ ‘ಆ’ ಅಳೆದು ನೋಡಿ. ವಯಸ್ಕ ಗಂಡಸರಲ್ಲಿ ಸ್ವರತಂತು ಸೆಕೆಂಡಿಗೆ ಸುಮಾರು 120 ಸಲ, ಹೆಂಗಸರಲ್ಲಿ ಸುಮಾರು 200 ಸಲ ಕಂಪಿಸುತ್ತದೆ.

ಇನ್ನೊಂದು ಮಾತು ಹೇಳದೆ ಇದನ್ನು ಮುಗಿಸಲಾರೆ. ಕಾಗೆಯ ರೆಕಾರ್ಡಿಂಗ್ ಕೇಳಿದ ಮೇಲೆ ನಾನು ಹುಮ್ಮಸ್ಸಿನಿಂದ ನಾಲ್ಕು ತಪ್ಪುಗಳ ಪಟ್ಟಿ ಮಾಡಿದೆ. ಸೂಪರ್‌ವೈಸರ್ ಪಟ್ಟಿ ನೋಡಿ, “ಅವನ ತಾಯಿ ಹೇಗೆ ಮಾತಾಡ್ತಾರೆ, ಗಮನಿಸಿದ್ರಾ?” ಎಂದು ಕೇಳಿದರು. ನಾನು ಗಮನಿಸಿರಲಿಲ್ಲ. ಹೊರಗೆ ಕಾಯುತ್ತಿದ್ದ ಆಕೆ ಮಗನನ್ನು ಕರೆದದ್ದು “ಬಾ ಮಗಾ, ಓಗೋಣ” ಎಂದು. ಆ ಮನೆಯ ಕನ್ನಡದಲ್ಲಿ ಪದದ ಮೊದಲಿಗೆ ಹ ಇಲ್ಲವೇ ಇಲ್ಲ. ಪಟ್ಟಿಯಿಂದ ಹ ಹೊಡೆದುಹಾಕಿದೆ. ಮಗು ಯಾವ ಕನ್ನಡ ಕೇಳಿ ಬೆಳೆದಿದೆಯೋ ಆ ಕನ್ನಡದ ಅಳತೆಯಲ್ಲೇ ಅದರ ಮಾತನ್ನು ನೋಡಬೇಕು. ಬೇರೆ ಬೇರೆ ಮನೆಗಳ ಮಾತನ್ನು, ನಗದೆ, ತಿದ್ದದೆ, ಕಿವಿಗೆ ಹಾಕಿಕೊಳ್ಳುವುದೂ ಈ ಹೆಜ್ಜೆಯ ಭಾಗ.

ಮೂರನೇ ಹೆಜ್ಜೆ: ಕನ್ನಡಿ ಮುಂದೆ ಅಂಗರಚನೆ

1854ರಲ್ಲಿ ಮ್ಯಾನುಯೆಲ್ ಗಾರ್ಸಿಯಾ ಎಂಬ ಸಂಗೀತದ ಮೇಷ್ಟ್ರು ದಂತವೈದ್ಯರ ಪುಟ್ಟ ಕನ್ನಡಿಯನ್ನು ಗಂಟಲಿಗಿಟ್ಟು, ಬಿಸಿಲನ್ನು ಇನ್ನೊಂದು ಕನ್ನಡಿಯಿಂದ ಒಳಗೆ ಹಾಯಿಸಿ, ತನ್ನದೇ ಸ್ವರತಂತುಗಳು ಆಡುವುದನ್ನು ನೋಡಿದ. ಅಷ್ಟು ಸಾಹಸ ನಮಗೆ ಬೇಡ. ಬಚ್ಚಲುಮನೆಯ ಕನ್ನಡಿ, ಫೋನಿನ ಟಾರ್ಚು ಸಾಕು.

ತಲೆಬುರುಡೆಯ ನರಗಳು ಹನ್ನೆರಡು ಜೋಡಿ. ಹಾಡು ಕಟ್ಟಿ ಬಾಯಿಪಾಠ ಮಾಡುವವರಿದ್ದಾರೆ, ಪರೀಕ್ಷೆಗೆ ಅದೂ ಆಗುತ್ತದೆ. ನನಗೆ ನೆನಪು ನಿಂತದ್ದು ಮುಖದ ಮೇಲೆ ಹುಡುಕಿದಾಗ. ಹಲ್ಲು ಕಚ್ಚಿ ಕೆನ್ನೆಯ ಹಿಂದೆ ಬೆರಳಿಡಿ, ಗಟ್ಟಿಯಾಗಿ ಉಬ್ಬುವ ಸ್ನಾಯು ಐದನೇ ನರದ್ದು. ಹುಬ್ಬು ಏರಿಸಿ, ಕಣ್ಣು ಬಿಗಿಯಾಗಿ ಮುಚ್ಚಿ, ಹಲ್ಲು ಕಾಣುವಂತೆ ನಕ್ಕರೆ ಏಳನೆಯದು. ಪಾರ್ಶ್ವವಾಯುವಾದವರಲ್ಲಿ ಸಾಮಾನ್ಯವಾಗಿ ತುಟಿ ಒಂದು ಕಡೆ ಜೋತುಬಿದ್ದರೂ ಹಣೆ ಎರಡೂ ಕಡೆ ಸುಕ್ಕಾಗುತ್ತದೆ. ಮುಖದ ಮೇಲ್ಭಾಗಕ್ಕೆ ಮಿದುಳಿನ ಎರಡೂ ಅರ್ಧದಿಂದ ಅಪ್ಪಣೆ ಬರುವುದೇ ಕಾರಣ. ಹಣೆಯೂ ಸೋತಿದ್ದರೆ ಪೆಟ್ಟು ಬಿದ್ದಿರುವುದು ನರಕ್ಕೇ ಎಂದು ಅನುಮಾನಿಸುತ್ತೇವೆ.

ಬಾಯಿ ತೆರೆದು ‘ಆ’ ಅನ್ನಿ. ಮೆದು ಅಂಗುಳ ಮೇಲೇಳುವುದು ಮುಖ್ಯವಾಗಿ ಹತ್ತನೇ ನರದ ಕೆಲಸ. ಒಂದು ಕಡೆ ಸೋತಿದ್ದರೆ ಕಿರುನಾಲಿಗೆ ಗಟ್ಟಿಯಿರುವ ಕಡೆಗೆ ಎಳೆದುಕೊಳ್ಳುತ್ತದೆ. ಹನ್ನೆರಡನೆಯದಕ್ಕೆ ನಾಲಿಗೆ ಚಾಚಿ. ಅಲ್ಲಿ ಲೆಕ್ಕ ಉಲ್ಟಾ, ನಾಲಿಗೆ ಸೋತ ಕಡೆಗೇ ವಾಲುತ್ತದೆ. ಕಿರುನಾಲಿಗೆಯನ್ನು ಮೇಲೆ ಎಳೆಯುವ ಸ್ನಾಯು ಇದೆ, ನಾಲಿಗೆಯನ್ನು ಮುಂದಕ್ಕೆ ದೂಡುವ ಸ್ನಾಯು ಇದೆ. ಎಳೆಯುವುದು ತನ್ನ ಕಡೆಗೆ, ದೂಡುವುದು ಆಚೆ ಕಡೆಗೆ. ಇಷ್ಟು ಅರ್ಥವಾದರೆ ಬಾಯಿಪಾಠ ಬೇಕಿಲ್ಲ.

ಹತ್ತನೇ ನರದ ಒಂದು ಕವಲು ಧ್ವನಿಪೆಟ್ಟಿಗೆಯನ್ನು ದಾಟಿ ಕೆಳಗಿಳಿದು, ಅದನ್ನು ಆಡಿಸಲು ಮತ್ತೆ ಮೇಲೆ ಬರುತ್ತದೆ. ಎಡಗಡೆಯದು ಎದೆಯವರೆಗೂ ಹೋಗಿ ಮಹಾಪಧಮನಿಯ ಕಮಾನಿನ ಕೆಳಗೆ ತಿರುಗಿ ವಾಪಸು ಬರುತ್ತದೆ. ಎದೆಯೊಳಗಿನ ಗಡ್ಡೆಯ ಮೊದಲ ಸುಳಿವು ಕೆಲವೊಮ್ಮೆ ಗೊಗ್ಗರು ದನಿಯಾಗಿ ಬರುವುದು ಇದರಿಂದಲೇ. ಥೈರಾಯ್ಡ್ ಶಸ್ತ್ರಚಿಕಿತ್ಸೆಯಾದವರ ದನಿಯನ್ನು ವಿಶೇಷವಾಗಿ ಕೇಳುವುದೂ ಈ ನರದ ನೆಪದಲ್ಲೇ.

ಮಿದುಳಿನ ವಿಚಾರ ಈಗಲೇ ಬಹಳ ಬೇಡ. ಮಾತಿಗೂ ಅರ್ಥಕ್ಕೂ ಮಿದುಳಿನಲ್ಲಿ ಜಾಗ ಗುರುತಿಸಿದ ವೈದ್ಯರಾದ 1861ರ ಬ್ರೋಕಾ, 1874ರ ವರ್ನಿಕೆ ಹೆಸರುಗಳು ಮೊದಲ ವಾರವೇ ಬರುತ್ತವೆ. ‘ಇಲ್ಲಿ ಮಾತು, ಅಲ್ಲಿ ಅರ್ಥ’ ಎಂಬ ಎರಡು ಚುಕ್ಕೆಯ ಚಿತ್ರವನ್ನು ಮಾತ್ರ ತಲೆಯಲ್ಲಿ ಕಲ್ಲಾಗಿಸಿಕೊಳ್ಳಬೇಡಿ. ‘ಟಾನ್’ ಎಂದಷ್ಟೇ ಹೇಳಬಲ್ಲವನಾಗಿದ್ದ ಬ್ರೋಕಾನ ರೋಗಿಯ ಮಿದುಳು ಪ್ಯಾರಿಸ್‌ನಲ್ಲಿ ಉಳಿದುಕೊಂಡಿದೆ. ಅದರ ಎಂಆರ್‌ಐ ಅಧ್ಯಯನ 2007ರಲ್ಲಿ ಬಂದಾಗ, ಹಾನಿ ಬ್ರೋಕಾ ಹೊರಗಿನಿಂದ ಕಂಡದ್ದಕ್ಕಿಂತ ಎಷ್ಟೋ ಆಳಕ್ಕೆ ಹೋಗಿರುವುದು ಗೊತ್ತಾಯಿತು.

ನಾಲ್ಕನೇ ಹೆಜ್ಜೆ: ನುಂಗುವುದೂ ನಿಮ್ಮದೇ ಖಾತೆ

‘ಮಾತು ಕಲಿಸಲು ಬಂದೆ, ಇವರು ನುಂಗಿಸಲು ಕಳಿಸುತ್ತಿದ್ದಾರೆ’ ಎಂದು ಪ್ರತಿ ಬ್ಯಾಚಿನಲ್ಲೂ ಒಬ್ಬರಾದರೂ ಹೌಹಾರುತ್ತಾರೆ. ಆಸ್ಪತ್ರೆಯಲ್ಲಿ ಕೆಲಸ ಮಾಡುವವರಿಗೆ ನುಂಗುವ ತೊಂದರೆಯೇ ದಿನದ ದೊಡ್ಡ ಪಾಲು. ಉಸಿರಿಗೂ ಅನ್ನಕ್ಕೂ ಗಂಟಲಿನಲ್ಲಿ ಹಾದಿ ಒಂದೇ. ಕವಲು ತಪ್ಪಿ ನೀರು ಶ್ವಾಸನಾಳಕ್ಕೆ ಇಳಿದರೆ ಶ್ವಾಸಕೋಶಕ್ಕೆ ಸೋಂಕು ತಗಲಬಹುದು. ಕೆಲವರಿಗೆ ಹಾಗೆ ಇಳಿದರೂ ಕೆಮ್ಮು ಬರುವುದಿಲ್ಲ. ಕೆಮ್ಮಲಿಲ್ಲ ಎಂದರೆ ಸರಿಯಾಗಿದೆ ಎಂದು ಬರೆಯುವಂತಿಲ್ಲ.

ಇಲ್ಲಿ ಮನೆಯಲ್ಲೇ ಮಾಡಬಹುದಾದ ಒಂದು ಪ್ರಯೋಗವಿದೆ. ಆಹಾರ, ಪಾನೀಯಗಳ ಗಟ್ಟಿತನಕ್ಕೆ ಇಡ್ಸಿ ಎಂಬ ಅಂತಾರಾಷ್ಟ್ರೀಯ ಮಾಪನವಿದೆ, 0ಯಿಂದ 7ರವರೆಗೆ ಎಂಟು ಹಂತ. ದ್ರವವನ್ನು ಅಳೆಯುವುದು 10 ಎಂಎಲ್ ಸಿರಿಂಜಿನಲ್ಲಿ. ಸೊನ್ನೆಯಿಂದ ಹತ್ತರವರೆಗಿನ ಗೆರೆಗಳ ಉದ್ದ 61.5 ಮಿಲಿಮೀಟರ್ ಇರುವ ಸಿರಿಂಜೇ ಬೇಕು, ಸ್ಕೇಲ್ ಇಟ್ಟು ನೋಡಿ. ಹಿಡಿಯನ್ನು ತೆಗೆದು, ತುದಿಯನ್ನು ಬೆರಳಿನಿಂದ ಮುಚ್ಚಿ, 10ರ ಗೆರೆವರೆಗೆ ತುಂಬಿ. ಬೆರಳು ಬಿಟ್ಟು ಹತ್ತು ಸೆಕೆಂಡ್ ಎಣಿಸಿ ಮತ್ತೆ ಮುಚ್ಚಿ. ಉಳಿದದ್ದು 1 ಎಂಎಲ್‌ಗಿಂತ ಕಡಿಮೆಯಾದರೆ ಹಂತ 0. 1ರಿಂದ 4 ಉಳಿದರೆ ಹಂತ 1. 4ರಿಂದ 8 ಹಂತ 2. 8ಕ್ಕಿಂತ ಹೆಚ್ಚು ಉಳಿದರೂ ಒಂದಿಷ್ಟು ಹರಿದಿದ್ದರೆ ಹಂತ 3. ಹನಿಯೂ ಹರಿಯದಿದ್ದರೆ ಅದು ನಾಲ್ಕು ಅಥವಾ ಮೇಲಿನದು, ಅದಕ್ಕೆ ಚಮಚ, ಫೋರ್ಕಿನ ಪರೀಕ್ಷೆ ಬೇರೆ. ನೀರಿನಿಂದ ಶುರು ಮಾಡಿ ಅಡುಗೆಮನೆಯ ದ್ರವಗಳನ್ನೆಲ್ಲ ಹೀಗೆ ಅಳೆಯಿರಿ. ಅಳೆಯುವ ಮೊದಲು ‘ಇದು ಎಷ್ಟನೇ ಹಂತ’ ಎಂದು ಕಣ್ಣಂದಾಜಿನಲ್ಲಿ ಬರೆದಿಡಿ. ನನ್ನ ಅಂದಾಜು ಮೊದಲ ದಿನ ಅರ್ಧಕ್ಕರ್ಧ ತಪ್ಪಿತ್ತು. ‘ಸ್ವಲ್ಪ ಗಟ್ಟಿ ಮಾಡಿ ಕೊಡಿ’ ಎಂದು ರೋಗಿಯ ಮನೆಯವರಿಗೆ ಬಾಯಲ್ಲಿ ಹೇಳಿದರೆ ಏನೇನಾಗಬಹುದು ಎಂದು ಅಂದೇ ಅರ್ಥವಾಯಿತು.

ಐದನೇ ಹೆಜ್ಜೆ: ಅಂಕಿಗೆ ಹೆದರದಷ್ಟು ಸಂಖ್ಯಾಶಾಸ್ತ್ರ

ಎಷ್ಟು ಬೇಕೋ ಅಷ್ಟು ಸಾಕು. ಸರಾಸರಿ, ಸ್ಟ್ಯಾಂಡರ್ಡ್ ಡೀವಿಯೇಷನ್ (ಸರಾಸರಿಯಿಂದ ಅಂಕಗಳು ಎಷ್ಟು ಚದುರಿವೆ ಎಂಬ ಅಳತೆ), ಪರ್ಸೆಂಟೈಲ್ ಈ ಮೂರು ನೀರು ಕುಡಿದಷ್ಟು ಸಲೀಸಾಗಬೇಕು. ಬಹಳಷ್ಟು ಪರೀಕ್ಷೆಗಳಲ್ಲಿ ಸರಾಸರಿ 100, ಡೀವಿಯೇಷನ್ 15. ಹಾಗಾದರೆ 85 ಅಂದರೆ 16ನೇ ಪರ್ಸೆಂಟೈಲ್: ಅದೇ ವಯಸ್ಸಿನ ನೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ಸುಮಾರು ಹದಿನಾರು ಮಕ್ಕಳು ಈ ಮಗುವಿಗಿಂತ ಕೆಳಗೆ. ನೂರಕ್ಕೆ 85 ಅಂಕ ಎಂದು ಪೋಷಕರು ಖುಷಿಯಾಗುವ ಅಪಾಯ ಇಲ್ಲಿದೆ. ಬಿಡಿಸಿ ಹೇಳುವುದು ನಿಮ್ಮ ಕೆಲಸ. ಒಂದು ಮಗುವಿಗೆ 84 ಬಂದು ಇನ್ನೊಂದಕ್ಕೆ 86 ಬಂದರೆ ನಡುವೆ ಗೋಡೆಯೇನೂ ಎದ್ದಿಲ್ಲ, ಪರೀಕ್ಷೆ ಮತ್ತೊಂದು ದಿನ ಮಾಡಿದ್ದರೆ ಅಂಕಿಗಳು ಜಾಗ ಬದಲಿಸುತ್ತಿದ್ದವೋ ಏನೋ.

ಇನ್ನು ಬೇರೆ ಭಾಷೆಯ ಮಕ್ಕಳ ಮೇಲೆ ತಯಾರಾದ ಅಳತೆಗೋಲನ್ನು ಹಾಗೇ ತಂದು ಹಚ್ಚುವಂತಿಲ್ಲ. ‘ಮನೆಯಲ್ಲಿದ್ದಾನೆ’ ಎಂಬುದು ಬರಹದಲ್ಲಿ ಒಂದು ಪದ. ಬಿಡಿಸಿದರೆ ಮನೆ, ಅಲ್ಲಿ, ಇರು, ಕಾಲ, ಅವನು ಎಲ್ಲವೂ ಅದರೊಳಗಿದೆ. ಮಗು ಎಷ್ಟು ಪದದ ವಾಕ್ಯ ಆಡುತ್ತದೆ ಎಂದು ಪದ ಎಣಿಸಿದರೆ ಕನ್ನಡದ ಮಗು ಸುಮ್ಮಸುಮ್ಮನೆ ಹಿಂದೆ ಬಿದ್ದಂತೆ ಕಾಣುತ್ತದೆ.

ಆರನೇ ಹೆಜ್ಜೆ: ನೋಡುವುದು, ನೋಡಿದ್ದನ್ನು ಬರೆಯುವುದು

ಸಾಧ್ಯವಾದರೆ ಕೋರ್ಸಿಗೆ ಮೊದಲೇ ನಾಲ್ಕೈದು ಸೆಷನ್ ನೋಡಲು ಅನುಮತಿ ಕೇಳಿ. ಮಕ್ಕಳದ್ದೇ ನೋಡಬೇಡಿ, ಪಾರ್ಶ್ವವಾಯುವಾದ ಹಿರಿಯರದು ಒಂದು, ತೊದಲುವವರದು ಒಂದು ಇರಲಿ. ಒಳಗೆ ಕೂತು ಎಲ್ಲವನ್ನೂ ನೋಡಲು ಹೊರಟರೆ ಏನೂ ಕಾಣುವುದಿಲ್ಲ. ನಾನು ಸಮಯ ಹಂಚಿಕೊಳ್ಳಲು ಹೇಳುತ್ತೇನೆ. ಮೊದಲ ಐದು ನಿಮಿಷ ಕ್ಲೈಂಟ್ ಮಾತ್ರ. ಮುಂದಿನ ಐದು ನಿಮಿಷ ಥೆರಪಿಸ್ಟ್ ಮಾತ್ರ: ಪ್ರಶ್ನೆ ಕೇಳಿದ ಮೇಲೆ ಎಷ್ಟು ಹೊತ್ತು ಕಾಯುತ್ತಾರೆ, ಉತ್ತರ ಬರದಿದ್ದರೆ ಏನು ಸುಳಿವು ಕೊಡುತ್ತಾರೆ. ಆಮೇಲಿನ ಐದು ನಿಮಿಷ ಪಕ್ಕದಲ್ಲಿ ಕೂತ ಮನೆಯವರು. ತೊದಲುವಿಕೆಯಲ್ಲಿ ಧ್ವನಿ ಮತ್ತೆ ಮತ್ತೆ ಬರುವುದು, ಎಳೆದುಕೊಳ್ಳುವುದು ಎಲ್ಲರಿಗೂ ಕೇಳಿಸುತ್ತದೆ. ದನಿಯೇ ಹೊರಡದೆ ಸಿಕ್ಕಿಹಾಕಿಕೊಳ್ಳುವ ಬ್ಲಾಕ್ ಕಿವಿಗೆ ಬರೀ ಮೌನ. ಅದನ್ನು ತುಟಿಯ ಬಿಗಿತದಲ್ಲಿ, ಕತ್ತಿನ ನರದಲ್ಲಿ, ರೆಪ್ಪೆಯಲ್ಲಿ ನೋಡಿ ಹಿಡಿಯಬೇಕು.

ಅದೇ ದಿನ ರಾತ್ರಿ ಹತ್ತು ಸಾಲು ಬರೆಯಿರಿ. ಹೆಸರು, ಊರು, ಗುರುತು ಹಚ್ಚಬಹುದಾದ ಯಾವುದೂ ಬೇಡ. ಕ್ಲಿನಿಕ್ ನೋಟ್ಸ್‌ಗೆ ಸೋಪ್ ಎಂಬ ಚೌಕಟ್ಟು ರೂಢಿಯಲ್ಲಿದೆ: ಅವರು ಹೇಳಿದ್ದು, ನೀವು ಕಂಡು ಅಳೆದದ್ದು, ಅದರ ಅರ್ಥ, ಮುಂದಿನ ಯೋಜನೆ. ನಾಲ್ಕರಲ್ಲಿ ಹೊಸಬರು ಎಡವುವುದು ಎರಡನೆಯದರಲ್ಲಿ. ‘ಮಗು ಇವತ್ತು ತುಂಬಾ ಚೆನ್ನಾಗಿ ಮಾಡಿತು’ ಎಂದು ಬರೆಯುತ್ತಾರೆ. ನಾಳೆ ಬೇರೆಯವರು ಆ ಸೆಷನ್ ತೆಗೆದುಕೊಳ್ಳಬೇಕಾದರೆ ಇದರಿಂದ ಏನು ಮಾಡಬೇಕು? ‘ಪದದ ಮೊದಲ ಕ, 20 ಚಿತ್ರಗಳಲ್ಲಿ 7 ತಾನಾಗಿಯೇ ಸರಿ, ನಾನು ಬಾಯಿ ತೋರಿಸಿದ ಮೇಲೆ ಇನ್ನೂ 6 ಸರಿ, ಹದಿನೈದನೇ ಚಿತ್ರದ ನಂತರ ಕುರ್ಚಿ ಬಿಟ್ಟು ಎದ್ದ.’ ಇದನ್ನು ಓದಿದವರು ನೆಟ್ಟಗೆ ಕೆಲಸ ಶುರು ಮಾಡಬಹುದು. ಬಸ್ಸಿನಲ್ಲಿ, ಅಂಗಡಿಯಲ್ಲಿ ಕಂಡ ಯಾವುದೇ ಐದು ನಿಮಿಷವನ್ನು ಹೀಗೆ, ‘ಚೆನ್ನಾಗಿ’, ‘ಸ್ವಲ್ಪ’, ‘ತುಂಬಾ’ ಎಂಬ ಪದಗಳಿಲ್ಲದೆ ಬರೆಯುವ ಅಭ್ಯಾಸ ಮಾಡಿ. ಮೊದಮೊದಲು ಕೈ ಕಟ್ಟಿಹಾಕಿದಂತಾಗುತ್ತದೆ.

ಏಳನೇ ಹೆಜ್ಜೆ: ಮನೆಮಾತಿನಲ್ಲಿ ಹೇಳಲು ಕಲಿಯಿರಿ

ತರಗತಿಯಲ್ಲಿ ಎಲ್ಲವೂ ಇಂಗ್ಲಿಷಿನಲ್ಲಿ ಇಳಿಯುತ್ತದೆ. ಕೋಣೆಯೊಳಗೆ ನಿಮ್ಮೆದುರು ಕೂತಿರುವುದು ಅಪ್ಪನಿಗೆ ಮಾತು ಹೋಗಿದೆ ಎಂದು ಗಾಬರಿಯಾಗಿರುವ ಮಗಳು. ‘ನಿಮ್ಮ ತಂದೆಯವರಿಗೆ ಎಕ್ಸ್‌ಪ್ರೆಸಿವ್ ಅಫೇಸಿಯಾ ಇದೆ’ ಎಂದರೆ ಆಕೆ ತಲೆಯಾಡಿಸುತ್ತಾರೆ, ಏನೂ ಒಯ್ಯುವುದಿಲ್ಲ. ‘ನಿಮ್ಮ ತಂದೆಯವರ ಬುದ್ಧಿಗೆ ಏನೂ ಆಗಿಲ್ಲ ಅಮ್ಮ. ಹೇಳಬೇಕಾದ್ದು ಅವರಿಗೆ ಗೊತ್ತಿದೆ, ಅದಕ್ಕೆ ಬೇಕಾದ ಪದ ಬಾಯಿಗೆ ಸಿಗ್ತಿಲ್ಲ. ನೀವು ನಿಧಾನವಾಗಿ, ಒಂದು ಸಲಕ್ಕೆ ಒಂದೇ ಮಾತು ಕೇಳಿ, ಉತ್ತರಕ್ಕೆ ಕಾಯಿರಿ’ ಎಂದರೆ ಆ ಸಂಜೆಯೇ ಮನೆಯಲ್ಲಿ ಏನೋ ಬದಲಾಗುತ್ತದೆ. ಹತ್ತು ತೊಂದರೆಗಳನ್ನು ಹೀಗೆ ಎರಡೆರಡು ವಾಕ್ಯದಲ್ಲಿ ಬರೆದು, ಈ ಓದಿನ ಗಂಧವಿಲ್ಲದ ಯಾರಿಗಾದರೂ ಓದಿ ಹೇಳಿ. ಅವರು ವಾಪಸು ಏನು ಹೇಳುತ್ತಾರೋ ಅದೇ ನಿಮ್ಮ ಮಾರ್ಕ್ಸ್.

ತೊದಲ, ಮೂಗ, ಪೆದ್ದ ಎಂಬ ಮಾತುಗಳು ನಮ್ಮ ಬಾಯಲ್ಲಿ ಸಲೀಸಾಗಿ ಓಡಾಡುತ್ತವೆ, ಬೈಯುವ ಉದ್ದೇಶವಿಲ್ಲದೆಯೂ. ಮೊದಲು ಅವು ನಿಮ್ಮ ನಾಲಿಗೆಯಿಂದ ಹೋಗಲಿ. ಮಾತು ಕಳೆದುಕೊಂಡ ಹಿರಿಯರನ್ನು ಅವರೆದುರೇ ‘ಇದಕ್ಕೆ ಅರ್ಥ ಆಗುತ್ತಾ?’ ಎಂದು ಮನೆಯವರನ್ನು ಕೇಳುವ ವಿದ್ಯಾರ್ಥಿಗಳಿದ್ದಾರೆ. ಪ್ರಶ್ನೆಯನ್ನು ಅವರಿಗೇ, ಬಹುವಚನದಲ್ಲೇ ಕೇಳಿ.

ದುಡ್ಡು, ಮೈ, ಗಂಟಲು

ಇದನ್ನು ಹೆಜ್ಜೆ ಎನ್ನಲಾರೆ, ಆದರೂ. ಫೀಸಿನ ಹೊರಗೆ ಓಡಾಟ, ಆಟಿಕೆ, ಚಿತ್ರದ ಕಾರ್ಡು, ಪ್ರಿಂಟ್ ಖರ್ಚು ಸದ್ದಿಲ್ಲದೆ ಏರುತ್ತದೆ, ಒಂದು ಪಾಲು ತೆಗೆದಿಡಿ. ಪುಸ್ತಕ ಕೊಳ್ಳಲು ಅವಸರ ಬೇಡ. ಹಿರಿಯ ವಿದ್ಯಾರ್ಥಿಗಳ ಕಪಾಟು, ಲೈಬ್ರರಿ ಎರಡನ್ನೂ ನೋಡಿ ಆಮೇಲೆ ನಿರ್ಧರಿಸಿ. ದುಬಾರಿ ಆಟಿಕೆಯ ಕಿಟ್ ಅಂತೂ ಬೇಡವೇ ಬೇಡ. ಒಂದು ಚೆಂಡು, ಒಂದು ಡಬ್ಬಿ, ಸೋಪಿನ ಗುಳ್ಳೆ ಇದ್ದರೆ ಒಂದು ತಿಂಗಳು ತಳ್ಳಬಹುದು. ದಿನಕ್ಕೆ ಐದಾರು ಗಂಟೆ ಮಾತನಾಡುವ ಕೆಲಸ ಇದು. ನಿಮ್ಮ ದನಿಯೇ ಎರಡು ವಾರಕ್ಕಿಂತ ಹೆಚ್ಚು ಒಡೆದುಕೊಂಡಿದ್ದರೆ ಕೋರ್ಸಿಗೆ ಮೊದಲೇ ಇಎನ್‌ಟಿ ವೈದ್ಯರಿಗೆ ತೋರಿಸಿ. ಕೊನೆಯ ಸಲ ಕೇಳುವ ಪರೀಕ್ಷೆ ಯಾವಾಗ ಮಾಡಿಸಿದ್ದಿರಿ? ಬೇರೆಯವರ ಧ್ವನಿ ಅಳೆಯಲು ಹೊರಟವರು ತಮ್ಮ ಕಿವಿಯನ್ನೊಮ್ಮೆ ಅಳೆಸಿಕೊಳ್ಳುವುದು ನ್ಯಾಯ.

ಕೊನೆಯ ಹೆಜ್ಜೆ: ಮೊದಲ ಸೆಷನ್‌ಗೆ ಮುಂಚಿನ ಸಂಜೆ

ರೆಕಾರ್ಡರ್ ಹಾಕಿ ಒಂದು ನಿಮಿಷ ಮಾತಾಡಿ, ವಾಪಸು ಕೇಳಿ ನೋಡಿ. ಒಪ್ಪಿಗೆ ಪತ್ರದ ಎರಡು ಪ್ರತಿ ಚೀಲದಲ್ಲಿರಲಿ. ಯೋಜನೆಯಲ್ಲಿ ಹತ್ತು ಚಟುವಟಿಕೆ ಬರೆದಿದ್ದರೆ ಆರನ್ನು ಹೊಡೆದುಹಾಕಿ. ಆಮೇಲೆ ಸುಮ್ಮನಿರುವುದನ್ನು ಅಭ್ಯಾಸ ಮಾಡಿ: ಯಾರನ್ನಾದರೂ ಏನಾದರೂ ಕೇಳಿ, ಮನಸ್ಸಿನಲ್ಲೇ ಐದು ಎಣಿಸಿ, ಅಷ್ಟರೊಳಗೆ ಬಾಯಿ ಬಿಡಬೇಡಿ. ಐದು ಸೆಕೆಂಡ್ ಎಷ್ಟು ಉದ್ದ ಎಂದು ಆಗ ತಿಳಿಯುತ್ತದೆ.

ಆ ಹುಡುಗನ ಜೊತೆ ನಾವು ಶುರು ಮಾಡಿದ್ದು ‘ಕಾಯಿ’, ‘ತಾಯಿ’ ಎಂಬ ಎರಡು ಚಿತ್ರಗಳಿಂದ. ಕಾಯಿ ಕೇಳಲು ಹೋದವನ ಬಾಯಲ್ಲಿ “ತಾಯಿ ತೊಡಿ” ಎಂದು ಬಂತು. ನಾನು ತಾಯಿಯ ಚಿತ್ರ ಕೊಟ್ಟೆ. ಅದನ್ನು ನೋಡಿದ, ನನ್ನನ್ನು ನೋಡಿದ. ನಾನು ಎಣಿಸುತ್ತಿದ್ದೆ. ನಾಲ್ಕಕ್ಕೆ ಅವನು ಚಿತ್ರವನ್ನು ಮೇಜಿನ ಕೆಳಗೆ ಎಸೆದು, ಕಾಯಿಯ ಮೇಲೆ ಬೆರಳಿಟ್ಟು, ಇನ್ನೂ ಜೋರಾಗಿ “ತಾಯಿ!” ಎಂದ. ಅಂದಿನ ನೋಟ್ಸ್‌ನಲ್ಲಿ ಹೀಗೆ ಬರೆದಿದ್ದೆ: ‘ತಪ್ಪು ಚಿತ್ರ ಸಿಕ್ಕಿದ್ದು ಗೊತ್ತಾಯಿತು. ಬೆರಳಿಟ್ಟು ತೋರಿಸಿದ. ಧ್ವನಿ ಬದಲಾಗಲಿಲ್ಲ, ದನಿ ಏರಿತು. ನಾಳೆ ಕನ್ನಡಿ ತರುವುದು.’